ಸಭೆಯ ಬೀರು, ಊರಿನ ಓದುಗ

ಮದ್ದೂರಿನ ಮಗ್ಗುಲಲ್ಲೇ, ಶಿಂಷೆಯ ದಡದಲ್ಲಿ ವೈದ್ಯನಾಥಪುರವಿದೆ. ಹೆಸರು ಹೇಳಿದರೆ ಸುತ್ತಲಿನವರಿಗೆ ನೆನಪಾಗುವುದು ವೈದ್ಯನಾಥೇಶ್ವರನ ಗುಡಿ, ಆ ದೇವರಿಗೆ ನಡೆದುಕೊಂಡರೆ ಚರ್ಮದ ಕಾಯಿಲೆ ವಾಸಿಯಾಗುತ್ತದೆ ಎಂಬ ನಂಬಿಕೆ. ಕಬ್ಬು, ಭತ್ತ, ರೇಷ್ಮೆಯ ಈ ಸೀಮೆಯಲ್ಲಿ ಕ್ರೈಸ್ತರು ತೀರ ಕಡಿಮೆ. 2011ರ ಜನಗಣತಿಯಲ್ಲಿ ಇಡೀ ಮಂಡ್ಯ ಜಿಲ್ಲೆಯಲ್ಲಿ ಅವರ ಪಾಲು ನೂರಕ್ಕೆ ಒಂದನ್ನೂ ಮುಟ್ಟಿರಲಿಲ್ಲ. ಹೀಗಿರುವಾಗ ಮದ್ದೂರು, ಮಳವಳ್ಳಿ ಕಡೆಯ ಒಂದು ಸಣ್ಣ ಸಭೆ ಎಂದರೆ ಒಂದೇ ಊರಿನ ಜನರಲ್ಲ. ನಾಲ್ಕಾರು ಊರುಗಳಿಂದ ಬಸ್ಸಿನಲ್ಲೋ ಬೈಕಿನಲ್ಲೋ ಬಂದು ಭಾನುವಾರ ಬೆಳಿಗ್ಗೆ ಸೇರುವ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಚದುರುವ ಮನೆಗಳು. ಇಂಥ ಸಭೆಯೊಂದು ತನ್ನದೇ ಪುಸ್ತಕಗಳನ್ನು ಇಟ್ಟುಕೊಂಡು, ಮನೆಗೆ ಕೊಟ್ಟು, ಮತ್ತೆ ಪಡೆದು ನಡೆಸುವ ಲೈಬ್ರರಿ ಬೇಕೇ?

ಬೇಕು ಎನ್ನುವವರಿಗೆ ಇದು ಚರ್ಚೆಯ ವಿಷಯವೇ ಅಲ್ಲ. ಒಂದು ಕಬ್ಬಿಣದ ಬೀರು, ಒಂದು ರಿಜಿಸ್ಟರ್, ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ. ಇಷ್ಟಕ್ಕೆ ಏನು ಯೋಚನೆ? ಬೇಡ ಎನ್ನುವವರಿಗೂ ಇದು ಚರ್ಚೆಯ ವಿಷಯವಲ್ಲ. ಪಂಚಾಯಿತಿಯಲ್ಲಿ ಗ್ರಂಥಾಲಯವಿದೆ, ಬೈಬಲ್ ಮೊಬೈಲಿನಲ್ಲಿದೆ, ಮಕ್ಕಳು ಪಠ್ಯಪುಸ್ತಕವನ್ನೇ ಓದುತ್ತಿಲ್ಲ, ಇನ್ನು ಇದು ಯಾತಕ್ಕೆ? ಇಬ್ಬರೂ ಇಷ್ಟು ನಿಶ್ಚಿಂತೆಯಿಂದಿರುವುದು ನನಗೆ ಅನುಮಾನ ತರಿಸುತ್ತದೆ. ಯಾರ ಪುಸ್ತಕ, ಯಾರಿಗೆ, ಆರಿಸುವವರು ಯಾರು ಎಂಬ ಪ್ರಶ್ನೆಗಳು ಈ ನಾಡಿನ ಕ್ರೈಸ್ತರ ನಡುವೆ ಇನ್ನೂರು ವರ್ಷಗಳಿಂದ ಇವೆ, ಮತ್ತು ಅದರಲ್ಲಿ ಒಂದು ದೊಡ್ಡ ಜಗಳದ ಒಂದು ಕೊನೆ ಈಗಿನ ಮಂಡ್ಯ ಜಿಲ್ಲೆಯ ನೆಲದಲ್ಲೇ ಇದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದುಬೆ. ಶ್ರೀರಂಗಪಟ್ಟಣ, ಗಂಜಾಂ, ಮೈಸೂರುಗಳ ನಡುವೆ ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಓಡಾಡಿದರು. ಈ ನೆಲದ ಉಡುಪನ್ನೇ ತೊಟ್ಟರು, ಸಿಡುಬಿನ ಲಸಿಕೆಗೆ ಜನರನ್ನು ಒಪ್ಪಿಸಿದರು, ‘ದೊಡ್ಡ ಸ್ವಾಮಿಯವರು’ ಎನಿಸಿಕೊಂಡರು. ಇಲ್ಲಿನ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಆ ಪುಸ್ತಕ ಎಲ್ಲರಿಗೂ ಗೊತ್ತು. 1823ರಲ್ಲಿ ಲಂಡನ್ನಿನಲ್ಲಿ ಬಂದ ಅವರ ಇನ್ನೊಂದು ಪುಸ್ತಕ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯ ಬಗ್ಗೆ ಬರೆದ ಪತ್ರಗಳು, ಅಷ್ಟು ಪ್ರಸಿದ್ಧವಲ್ಲ. ಈ ಪ್ರಶ್ನೆಗೆ ಬೇಕಾದದ್ದು ಅದೇ. ಬೈಬಲ್ಲನ್ನು ಅವಸರದಲ್ಲಿ ಅನುವಾದಿಸಿ ಕೈಗೆ ಸಿಕ್ಕವರಿಗೆಲ್ಲ ಹಂಚುವುದರಿಂದ ಉಪಕಾರಕ್ಕಿಂತ ಅಪಹಾಸ್ಯವೇ ಹೆಚ್ಚು ಎಂಬುದು ಅದರಲ್ಲಿ ದುಬೆಯ ವಾದ. ಓದುಗನ ಮನಸ್ಸನ್ನು ಮೊದಲು ಸಣ್ಣ, ಸರಳ ಬರಹಗಳಿಂದ ಹದಗೊಳಿಸಬೇಕು. ಪಕ್ಕದಲ್ಲಿ ವಿವರಿಸುವವನಿಲ್ಲದ ಪುಸ್ತಕ ದಾರಿ ತಪ್ಪಿಸುತ್ತದೆ. ಕೆಟ್ಟ ಭಾಷೆಯ ಅನುವಾದವನ್ನು ಈ ನಾಡಿನ ಓದಿದವನು ಎರಡು ಸಾಲು ನೋಡಿ ಬದಿಗಿಡುತ್ತಾನೆ. ಜೇಮ್ಸ್ ಹಫ್ ಮುಂತಾದ ಪ್ರಾಟೆಸ್ಟಂಟರು ಕೂಡಲೇ ಉತ್ತರ ಬರೆದರು. ಜನರ ಕೈಗೆ ಜನರ ಭಾಷೆಯಲ್ಲಿ ಪುಸ್ತಕ ಕೊಡಲು ನಡುವೆ ಒಬ್ಬ ಕಾವಲುಗಾರ ಯಾಕೆ ಎಂಬುದು ಅವರ ನಿಲುವು. ಅಷ್ಟು ಹೊತ್ತಿಗಾಗಲೇ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ ಅನುವಾದದಲ್ಲಿ ಮುಳುಗಿದ್ದರು.

ದುಬೆ ಸೋತರು ಎಂದೇ ಚರಿತ್ರೆ ಹೇಳುತ್ತದೆ. ಗೆದ್ದವರಾದರೂ ಸರಳವಾಗಿ ಗೆಲ್ಲಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1841ರಲ್ಲಿ ಕಲ್ಲಚ್ಚಿನ ಮುದ್ರಣ ಶುರುಮಾಡಿತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಅಲ್ಲಿಂದ ‘ಮಂಗಳೂರ ಸಮಾಚಾರ’ ತಂದರು. ಅದೇ ಮೋಗ್ಲಿಂಗ್, ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರ ಹಣದ ನೆರವಿನಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆ ಹೊರಡಿಸಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಕಿಟೆಲ್ 1872ರಲ್ಲಿ ಶಬ್ದಮಣಿದರ್ಪಣವನ್ನೂ 1894ರಲ್ಲಿ ನಿಘಂಟನ್ನೂ ಪ್ರಕಟಿಸಿದ್ದು ಇದೇ ಮಿಷನ್ನಿನ ಅಚ್ಚುಕೂಟ, ಪುಸ್ತಕ ಭಂಡಾರಗಳ ಬಲದಿಂದ. ಇದರ ಹಿಂದೆ ನಿಷ್ಕಾಮ ಸಾಹಿತ್ಯಪ್ರೇಮ ಮಾತ್ರ ಇತ್ತೆಂದು ನಾನು ಹೇಳಲಾರೆ. ಮತಾಂತರ ಮಾಡಬೇಕಾದವರ ಮನಸ್ಸನ್ನು ಅರಿಯುವ ಉದ್ದೇಶವೂ ಇತ್ತು, ಅದನ್ನು ಅವರು ಮುಚ್ಚಿಟ್ಟುಕೊಂಡವರೂ ಅಲ್ಲ. ಆದರೂ ಒಂದು ಚರ್ಚಿನ ದುಡ್ಡಿನಲ್ಲಿ, ಚರ್ಚಿನ ಯಂತ್ರದಲ್ಲಿ ಬಸವ ಪುರಾಣ ಅಚ್ಚಾಯಿತು ಎಂಬುದು ಉಳಿಯುವ ಸಂಗತಿ. ಸಭೆಯ ಬೀರುವಿನಲ್ಲಿ ‘ನಮ್ಮ’ ಪುಸ್ತಕಗಳು ಮಾತ್ರ ಇರಬೇಕು ಎನ್ನುವವರು ಸಂಪ್ರದಾಯದ ಹೆಸರು ಹೇಳಿದರೆ, ಯಾವ ಸಂಪ್ರದಾಯ ಎಂದು ಕೇಳಬೇಕಾಗುತ್ತದೆ.

ಅದಕ್ಕಿಂತ ಗಟ್ಟಿಯಾದ ಸಾಕ್ಷಿ ನಮ್ಮವರೇ ಆದ ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ ಸಭೆಗಳಲ್ಲಿ ಪಾದ್ರಿಯಾಗಿ ದುಡಿದ ಅವರು ಊರೂರು ಅಲೆದು, ಬಾಯಿಂದ ಬಾಯಿಗೆ ಬಂದದ್ದನ್ನೂ ಓಲೆಗರಿಗಳಲ್ಲಿ ಉಳಿದದ್ದನ್ನೂ ಕೂಡಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಇಂದು ನಾವು ಸಲೀಸಾಗಿ ಹೇಳುವ ತ್ರಿಪದಿಗಳ ಹಿಂದೆ ಒಬ್ಬ ಪಾದ್ರಿಯ ಕಾಲುನಡಿಗೆ ಇದೆ. ಸಭೆಯ ಲೈಬ್ರರಿಯಲ್ಲಿ ಸರ್ವಜ್ಞ ಇರಬಹುದೇ ಎಂದು ಕಮಿಟಿಯಲ್ಲಿ ಯಾರಾದರೂ ಕೇಳಿದರೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಚರಿತ್ರೆ ಹೀಗೆ ಬೇಕು ಎನ್ನುವವರ ಕಡೆಗೆ ಸ್ವಲ್ಪ ವಾಲುತ್ತದೆ. ಆದರೆ ಅಚ್ಚು ಹಾಕಿಸುವುದು ಬೇರೆ, ಬೀರುವಿನಲ್ಲಿಟ್ಟು ವಾರವಾರ ಕೊಟ್ಟು ತರಿಸಿಕೊಳ್ಳುವುದು ಬೇರೆ. ಸಭೆಯೊಳಗಿನ ಲೈಬ್ರರಿಗೆ ಇರುವ, ಇನ್ನಾವ ಲೈಬ್ರರಿಗೂ ಇಲ್ಲದ ಅನುಕೂಲವೆಂದರೆ ಜನ ಹೇಗೂ ಬರುತ್ತಾರೆ ಎಂಬುದು. ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಲು ಮನಸ್ಸು ಮಾಡಬೇಕು, ಹೊತ್ತು ಮಾಡಿಕೊಳ್ಳಬೇಕು. ಇಲ್ಲಿ ಆರಾಧನೆಗೆ ಬಂದವರು ಹೊರಡುವ ಮುನ್ನ ಒಂದು ಪುಸ್ತಕ ಹಿಡಿದು ಹೊರಡುತ್ತಾರೆ, ಮುಂದಿನ ಭಾನುವಾರ ಅದೇ ಬಾಗಿಲಿಗೆ ಮತ್ತೆ ಬರುತ್ತಾರೆ. ತಡ ಮಾಡಿದರೆ ದಂಡ ಹಾಕಬೇಕಿಲ್ಲ, ಒಂದು ಮುಗುಳ್ನಗೆ ಸಾಕು. ಹೆಂಗಸರ ಮಾತು ಇನ್ನೂ ಮುಖ್ಯ. ಹಳ್ಳಿಯ ಗ್ರಂಥಾಲಯದ ಮೇಜು ಸಾಮಾನ್ಯವಾಗಿ ಪೇಪರ್ ಓದುವ ಗಂಡಸರದು, ಪಿಡಿಒ, ಪೊಲೀಸ್ ಪರೀಕ್ಷೆಗೆ ಕೂತ ಹುಡುಗರದು. ಅಲ್ಲಿ ಕಾಲಿಡಲು ಹಿಂಜರಿಯುವ ಹೆಂಗಸು ಸ್ತ್ರೀಯರ ಅನ್ಯೋನ್ಯ ಕೂಟ ಮುಗಿಸಿಕೊಂಡು ಬರುವಾಗ ತ್ರಿವೇಣಿಯವರ ಒಂದು ಕಾದಂಬರಿ ಸೆರಗಿನ ಕೆಳಗಿಟ್ಟುಕೊಂಡು ಹೋಗುವುದು ಸುಲಭ. ತ್ರಿವೇಣಿ ಹುಟ್ಟಿದ್ದು ಮಂಡ್ಯದಲ್ಲೇ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ರಾಮಣ್ಣನವರ ಕತೆಗಳೂ ಅಲ್ಲಿದ್ದರೆ ಓದುಗರು ತಮ್ಮ ಪಕ್ಕದ ಊರಿನ ಮಾತನ್ನೇ ಪುಸ್ತಕದಲ್ಲಿ ಕೇಳುತ್ತಾರೆ. ಇನ್ನು ಕೀರ್ತನೆಯ ಪುಸ್ತಕ, ಸತ್ಯವೇದದ ವ್ಯಾಖ್ಯಾನ, ಸಂಡೇ ಸ್ಕೂಲಿಗೆ ಪಾಠ ಹೇಳುವವರಿಗೆ ಬೇಕಾದ ಕೈಪಿಡಿಗಳು ಸರ್ಕಾರಿ ಕಪಾಟಿನಲ್ಲಿ ಸಿಗುವ ಸಂಭವ ಕಡಿಮೆ.

ಹೊರಗಿನ ಲೋಕದಲ್ಲಿ ಇದು ಒಮ್ಮೆ ದೊಡ್ಡದಾಗಿಯೇ ನಡೆದಿತ್ತು. 1824ರಲ್ಲಿ ಶುರುವಾದ ಅಮೆರಿಕನ್ ಸಂಡೇ ಸ್ಕೂಲ್ ಯೂನಿಯನ್ ನೂರು ಪುಸ್ತಕಗಳ ಒಂದು ಕಟ್ಟನ್ನು ಹತ್ತು ಡಾಲರಿಗೆ ಮಾರುತ್ತಿತ್ತು. ಕಟ್ಟು ಕೊಂಡ ಸಣ್ಣ ಊರಿನ ಚರ್ಚಿಗೆ ಅಂದೇ ಒಂದು ಲೈಬ್ರರಿ ಆಗಿಬಿಡುತ್ತಿತ್ತು. 1859ರಲ್ಲಿ ರೀಸ್ ಎಂಬವರು ಆ ದೇಶದ ಗ್ರಂಥಾಲಯಗಳನ್ನು ಲೆಕ್ಕ ಹಾಕಿದಾಗ ಅರ್ಧಕ್ಕಿಂತ ಹೆಚ್ಚು ಸಂಡೇ ಸ್ಕೂಲುಗಳವೇ ಇದ್ದವು. ಬೇರೆ ಪುಸ್ತಕವೇ ಕಾಣದ ಎಷ್ಟೋ ಮಕ್ಕಳು ಅಲ್ಲಿಂದ ಓದು ಕಲಿತರು. ಆದರೆ ಕಟ್ಟಿನೊಳಗೆ ಏನಿತ್ತು? ಒಳ್ಳೆಯ ಹುಡುಗನಿಗೆ ಒಳ್ಳೆಯದಾಗುವ, ಭಾನುವಾರ ಮೀನು ಹಿಡಿಯಲು ಹೋದ ಹುಡುಗ ನೀರಿಗೆ ಬೀಳುವ ಕತೆಗಳು. ಮಾರ್ಕ್ ಟ್ವೇನ್ 1865ರಲ್ಲಿ ಒಬ್ಬ ಕೆಟ್ಟ ಹುಡುಗನ ಕತೆ ಬರೆದು, ಏನೇ ಮಾಡಿದರೂ ಅವನಿಗೆ ಏನೂ ಆಗದಂತೆ ಮಾಡಿ ಆ ಪುಸ್ತಕಗಳನ್ನು ಗೇಲಿ ಮಾಡಿದ. ಊರಿನ ತೆರಿಗೆ ಹಣದಿಂದ ನಡೆಯುವ ಉಚಿತ ಗ್ರಂಥಾಲಯಗಳು ಬಂದದ್ದೇ ತಡ, ಮಕ್ಕಳು ಅತ್ತ ಹೋದರು. ಬೇಡ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಚರ್ಚಿನ ಲೈಬ್ರರಿ ಬೇರೆ ಲೈಬ್ರರಿ ಇಲ್ಲದ ಕಾಲದ ಕೂಸು ಎನ್ನುತ್ತಾರೆ ಅವರು.

ನಮ್ಮಲ್ಲಿ ಬೇರೆ ಲೈಬ್ರರಿ ಇದೆಯೇ? ಕಾಗದದ ಮೇಲೆ ಚೆನ್ನಾಗಿಯೇ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರ ವಸೂಲು ಮಾಡುವ ದಾರಿ ತೆರೆಯಿತು. ಈಗ ಅದು ರೂಪಾಯಿಗೆ ಆರು ಪೈಸೆ. ಇಂಥ ಕಾಯ್ದೆಗಳಿಗಾಗಿ ಬದುಕಿನುದ್ದಕ್ಕೂ ವಾದಿಸಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ತೀರಿಕೊಂಡರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂಬ 1931ರ ಅವರ ಸೂತ್ರ ಯಾವ ಜಾತಿ, ಯಾವ ಸಭೆ ಎಂದು ಕೇಳುವುದಿಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ‘ಅರಿವು ಕೇಂದ್ರ’ ಎಂಬ ಹೊಸ ಹೆಸರು ಪಡೆದ ಅವು ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಕ್ರೈಸ್ತ ಮನೆಯ ಮಗುವಿಗೂ ಅಲ್ಲಿ ಅಷ್ಟೇ ಹಕ್ಕಿದೆ. ಹಾಗಿರುವಾಗ ಸಭೆಯ ಹತ್ತು ಉತ್ಸಾಹಿಗಳು ತಮ್ಮ ಸಮಯವನ್ನು ಒಂದು ಮುಚ್ಚಿದ ಬೀರುವಿಗೆ ಸುರಿಯುವ ಬದಲು ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ಮಕ್ಕಳಿಗೆ ಕತೆ ಹೇಳಿದರೆ, ಪುಸ್ತಕ ಕೊಟ್ಟರೆ, ಬಾಗಿಲು ತೆರೆಯದ ದಿನ ಯಾಕೆ ತೆರೆದಿಲ್ಲ ಎಂದು ಕೇಳಿದರೆ ಊರಿಗೇ ಲಾಭವಲ್ಲವೇ? ಕಡಿಮೆ ಗೌರವಧನಕ್ಕೆ ದುಡಿಯುವ ಗ್ರಂಥಾಲಯ ಮೇಲ್ವಿಚಾರಕರಿಗೂ ಜೊತೆಗಾರರು ಸಿಕ್ಕಂತಾಗುತ್ತದೆ. ಬೇರೆ ಬೇರೆ ಮನೆಯ ಮಕ್ಕಳು ಒಂದೇ ಮೇಜಿನಲ್ಲಿ ಕೂತು ಓದುವುದಕ್ಕಿಂತ ದೊಡ್ಡದನ್ನು ಯಾವ ಸಭೆಯ ಲೈಬ್ರರಿಯೂ ಕೊಡಲಾರದು. ಬೇಡ ಎನ್ನುವವರ ಮಾತುಗಳಲ್ಲಿ ನನಗೆ ಅತ್ಯಂತ ಗೌರವ ಇರುವುದು ಇದರ ಮೇಲೆ.

ಇದಕ್ಕೆ ಬೇಕು ಎನ್ನುವವರ ಉತ್ತರ ಇಷ್ಟು: ಎರಡನ್ನೂ ಮಾಡಬಹುದು. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರು ಕಟ್ಟಿದ ‘ಪುಸ್ತಕ ಮನೆ’ ಯಾವ ಸರ್ಕಾರದ ಅಪ್ಪಣೆಗೂ ಕಾಯಲಿಲ್ಲ. ಬಸ್ ಕಂಡಕ್ಟರ್ ಆಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಮನುಷ್ಯ ಸಂಬಳವನ್ನು ಪುಸ್ತಕಕ್ಕೆ ಸುರಿದು ಲಕ್ಷಾಂತರ ಪುಸ್ತಕ ಕೂಡಿಹಾಕಿದರು. ಇದೇ ಜಿಲ್ಲೆಯಲ್ಲಿ ಒಬ್ಬ ವ್ಯಕ್ತಿ ಅಷ್ಟು ಮಾಡಬಹುದಾದರೆ ಒಂದು ಸಭೆಗೆ ಒಂದು ಬೀರು ಹೆಚ್ಚಲ್ಲ ಎನ್ನುತ್ತಾರೆ. ಮಾತು ಸರಿ, ಹೋಲಿಕೆ ಸ್ವಲ್ಪ ಅಪಾಯಕಾರಿ. ಪುಸ್ತಕ ಮನೆ ನಿಂತಿರುವುದು ಒಬ್ಬರ ಹುಚ್ಚಿನ ಮೇಲೆ. ಸಭೆಯ ಲೈಬ್ರರಿ ನಿಲ್ಲಬೇಕಾದ್ದು ಕಮಿಟಿಯ ಮೇಲೆ, ಮತ್ತು ಕಮಿಟಿಗಳಿಗೆ ಹುಚ್ಚು ಹಿಡಿಯುವುದು ಅಪರೂಪ.

ಎರಡೂ ಕಡೆಯವರು ಸಾಮಾನ್ಯವಾಗಿ ಎತ್ತದ ಮಾತೊಂದಿದೆ: ಓದುವವರ ಗುಟ್ಟು. ನಲವತ್ತು ಮನೆಯ ಸಭೆಯಲ್ಲಿ ಯಾರು ಯಾವ ಪುಸ್ತಕ ಒಯ್ದರು ಎಂಬುದು ಮಧ್ಯಾಹ್ನದ ಊಟಕ್ಕೆ ಮುಂಚೆ ಎಲ್ಲರಿಗೂ ಗೊತ್ತಾಗಿರುತ್ತದೆ. ಗಂಡನ ಕುಡಿತದಿಂದ ಬಸವಳಿದ ಹೆಂಗಸು ಆ ಬಗ್ಗೆ ಇರುವ ಪುಸ್ತಕವನ್ನು ಎಲ್ಲರ ಕಣ್ಣೆದುರು ರಿಜಿಸ್ಟರಿನಲ್ಲಿ ಬರೆಸಿ ಒಯ್ಯುತ್ತಾಳೆಯೇ? ದೇವರ ಬಗ್ಗೆಯೇ ಅನುಮಾನ ಹುಟ್ಟಿರುವ ಕಾಲೇಜು ಹುಡುಗ ಪಾಸ್ಟರಮ್ಮನ ಎದುರು ಡಾರ್ವಿನ್ ಬಗ್ಗೆ ಇರುವ ಪುಸ್ತಕ ಕೇಳುತ್ತಾನೆಯೇ? ಊರಿನ ಗ್ರಂಥಾಲಯದಲ್ಲಿ ಅವರನ್ನು ಯಾರೂ ಗಮನಿಸದಿರುವುದೇ ಒಂದು ಸ್ವಾತಂತ್ರ್ಯ. ಸಭೆಯ ಆತ್ಮೀಯತೆ ಇಲ್ಲಿ ತಿರುಗಿಬೀಳುತ್ತದೆ. ಪುಸ್ತಕ ಹಿಂದಿರುಗಿದೊಡನೆ ಚೀಟಿ ಹರಿದುಹಾಕುವುದು, ಹೆಸರಿನ ಬದಲು ನಂಬರ್ ಬರೆಯುವುದು ಸ್ವಲ್ಪ ನೆರವಾಗಬಹುದು. ಆದರೆ ಕೊಡುವವರ ಕಣ್ಣು ಮುಚ್ಚಿಸಲು ಯಾವ ಪದ್ಧತಿಯೂ ಇಲ್ಲ. ಈ ಕೊರತೆಗೆ ಪೂರ್ತಿ ಪರಿಹಾರವಿದೆ ಎಂದು ನನಗೆ ಅನ್ನಿಸುವುದಿಲ್ಲ. ಇದಕ್ಕೆ ವಿರುದ್ಧವಾಗಿ ಹೇಳಬಹುದಾದದ್ದು ಇಷ್ಟೇ: ಅದೇ ಕಣ್ಣು ಒಮ್ಮೊಮ್ಮೆ ಸರಿಯಾದ ಪುಸ್ತಕವನ್ನು ಕೇಳುವ ಮುಂಚೆಯೇ ತೆಗೆದು ಕೊಡುತ್ತದೆ.

ಆರಿಸುವ ಹಕ್ಕು ಯಾರದು? ಕಥೋಲಿಕರಲ್ಲಿ ಇದಕ್ಕೆ ಬರೆದಿಟ್ಟ ನಿಯಮವೇ ಇದೆ. ನಿಷಿದ್ಧ ಪುಸ್ತಕಗಳ ಹಳೆಯ ಪಟ್ಟಿಯ ಬಲವನ್ನು ರೋಮ್ 1966ರಲ್ಲಿ ತೆಗೆದುಹಾಕಿತು, ನಿಜ. ಆದರೆ 1983ರ ಧರ್ಮಸಭೆಯ ಕಾನೂನಿನ 827ನೇ ವಿಧಿಯ ಪ್ರಕಾರ ಧರ್ಮ, ನೀತಿಗಳ ಬಗೆಗಿನ ಪುಸ್ತಕವನ್ನು ಚರ್ಚಿನೊಳಗೆ ಪ್ರದರ್ಶಿಸಲು, ಮಾರಲು, ಹಂಚಲು ಅಧಿಕಾರಸ್ಥರ ಒಪ್ಪಿಗೆ ಬೇಕು. ಚರ್ಚಿನೊಳಗಿನ ಮೇಜಿಗೆ ಅನ್ವಯಿಸುವ ಮಾತು ಆವರಣದ ಆಚೆ ಬದಿಯ ಹಾಲಿನ ಬೀರುವಿಗೂ ಅನ್ವಯಿಸುತ್ತದೆಯೇ ಎಂಬುದು ಚರ್ಚೆಗೆ ಬಿಟ್ಟದ್ದು. ಬುದ್ಧಿವಂತ ಫಾದರ್ ಆದರೆ ಬೀರುವನ್ನು ಹಾಲಿಗೆ ಸಾಗಿಸಿ ಸುಮ್ಮನಾಗುತ್ತಾರೆ. ಪ್ರಾಟೆಸ್ಟಂಟರ ಸಿಎಸ್‌ಐ ಸಭೆಗಳಲ್ಲಿ ಅಂಥ ವಿಧಿಯಿಲ್ಲ. ಪಾಸ್ಟರೇಟ್ ಕಮಿಟಿಯ ಹುಬ್ಬು ಗಂಟಿಕ್ಕಿದರೆ ಅದೇ ವಿಧಿ. ಈ ನಿಯಂತ್ರಣಕ್ಕೆ ನಾನು ಪೂರ್ತಿ ವಿರೋಧಿಯಲ್ಲ. ಯಾರೋ ಬೀದಿಯಲ್ಲಿ ಹಂಚಿದ, ಬೇರೆ ಸಭೆಯವರನ್ನೂ ಬೇರೆ ಧರ್ಮದವರನ್ನೂ ಬಯ್ಯುವ ಕರಪತ್ರಗಳು ದಾನದ ಹೆಸರಿನಲ್ಲಿ ಕಪಾಟಿಗೆ ಬಂದು ಕೂರುವುದನ್ನು ಯಾರಾದರೂ ತಡೆಯಲೇಬೇಕು. ದುಬೆಯ ಎಚ್ಚರಿಕೆಯಲ್ಲಿ ಇಂದಿಗೂ ಬೆಲೆಯುಳ್ಳ ಭಾಗ ಅದು: ಕೆಟ್ಟ ಪುಸ್ತಕ ಪುಸ್ತಕವೇ ಇಲ್ಲದ್ದಕ್ಕಿಂತ ಹೆಚ್ಚು ಹಾನಿ ಮಾಡಬಲ್ಲದು. ಆದರೆ ತಡೆಯುವ ಕೈ ಒಬ್ಬರದೇ ಆದರೆ ಉಳಿಯುವುದು ಆ ಒಬ್ಬರ ಓದಿನಷ್ಟೇ ಅಗಲದ ಲೈಬ್ರರಿ. ಸಂಡೇ ಸ್ಕೂಲಿನ ಒಬ್ಬ ಟೀಚರ್, ಕಾದಂಬರಿ ಓದುವ ಒಬ್ಬ ಹೆಂಗಸು, ಕಾಲೇಜಿಗೆ ಹೋಗುವ ಒಬ್ಬ ಹುಡುಗಿ ಜೊತೆಗೆ ಕೂತರೆ ಸಾಕು. ಜಗಳವಾಗುತ್ತದೆ, ಆಗಲಿ.

ದಾನದ ಪುಸ್ತಕಗಳ ಬಗ್ಗೆ ಇಲ್ಲೇ ಒಂದು ಮಾತು. ಹತ್ತು ವರ್ಷ ಹಳೆಯ ಪಿಯುಸಿ ಗೈಡು, ಮೊದಲ ಪುಟ ಹರಿದ ಇಂಗ್ಲಿಷ್ ಭಕ್ತಿಗ್ರಂಥ, ಒಂದೇ ಪುಸ್ತಕದ ಒಂಬತ್ತು ಪ್ರತಿ. ಕೊಟ್ಟವರ ಹೆಸರು ಬರೆದಿರುವುದರಿಂದ ತೆಗೆಯುವಂತಿಲ್ಲ. ಸಣ್ಣ ಲೈಬ್ರರಿಗಳು ಓದುಗರಿಲ್ಲದೆ ಸಾಯುವುದಕ್ಕಿಂತ ಇವುಗಳಿಂದ ಉಸಿರುಗಟ್ಟಿ ಸಾಯುವುದೇ ಹೆಚ್ಚು.

ಭಾಷೆಯ ಪ್ರಶ್ನೆಯನ್ನು ಹಾರಿಸಿ ಹೋಗುವುದು ಸುಲಭ, ಆದರೆ ಈ ಸೀಮೆಯಲ್ಲಿ ಅದು ನಿಜವಾದ ಪ್ರಶ್ನೆ. 2010ರಲ್ಲಿ ಸಿರೊ ಮಲಬಾರ್ ಸಭೆಗೆ ಮಂಡ್ಯದ ಹೆಸರಿನಲ್ಲೇ ಒಂದು ಧರ್ಮಪ್ರಾಂತ್ಯವಾಯಿತು. ಆ ಸಭೆಯ ಮೂಲ ಭಾಷೆ ಮಲಯಾಳ. ಮೈಸೂರು ಧರ್ಮಪ್ರಾಂತ್ಯದ ಚರ್ಚುಗಳಲ್ಲಿ ಕನ್ನಡದ ಜೊತೆ ತಮಿಳು ಮನೆಮಾತಿನವರೂ ಇದ್ದಾರೆ. ಅಜ್ಜಿಗೆ ಅವಳ ಭಾಷೆಯ ಪ್ರಾರ್ಥನಾ ಪುಸ್ತಕ ಬೇಕು, ಮೊಮ್ಮಗಳು ಶಾಲೆಯಲ್ಲಿ ಓದುವುದು ಕನ್ನಡ ಅಥವಾ ಇಂಗ್ಲಿಷ್. ಸಭೆಯ ಲೈಬ್ರರಿ ಅಜ್ಜಿಯ ಭಾಷೆಯನ್ನು ಇಟ್ಟುಕೊಳ್ಳದಿದ್ದರೆ ಅದು ಇನ್ನೆಲ್ಲೂ ಸಿಗುವುದಿಲ್ಲ ಎಂಬುದು ಒಂದು ವಾದ. ಕಡಿಮೆ ದುಡ್ಡನ್ನು ನಾಲ್ಕು ಭಾಷೆಗೆ ಹಂಚಿದರೆ ಯಾರಿಗೂ ಸಾಲುವುದಿಲ್ಲ, ಎಲ್ಲರೂ ಕೂಡುವ ಭಾಷೆ ಊರಿನ ಕನ್ನಡವೇ ಎಂಬುದು ಇನ್ನೊಂದು. ನಾನು ಎರಡನೆಯದರ ಕಡೆ, ಅಜ್ಜಿಗೆ ಬೀರುವಿನ ಒಂದು ಅಡ್ಡಪಟ್ಟಿ ಬಿಟ್ಟು.

ಬೇಡ ಎನ್ನುವವರ ಕೈಯಲ್ಲಿ ಇನ್ನೊಂದು ಬಲವಾದ ವಾದವಿದೆ: ವರ್ಗಾವಣೆ. ಉತ್ಸಾಹಿ ಪಾಸ್ಟರ್ ಬರುತ್ತಾರೆ, ಲೈಬ್ರರಿ ಶುರುವಾಗುತ್ತದೆ, ರಿಬ್ಬನ್ ಕತ್ತರಿಸಿ ಫೋಟೋ ತೆಗೆಯುತ್ತಾರೆ. ಕೆಲವು ವರ್ಷಕ್ಕೆ ಅವರಿಗೆ ವರ್ಗವಾಗುತ್ತದೆ, ಹೊಸಬರಿಗೆ ಯುವಜನರ ಕ್ವಾಯರ್ ಇಷ್ಟ, ಬೀರುವಿನ ಬೀಗದ ಕೈ ಎಲ್ಲಿದೆಯೋ ಯಾರಿಗೂ ತಿಳಿಯದು. ನಾಲೆಯ ನೀರಿನ ತೇವವಿರುವ ಈ ಕಡೆ ಉಳಿದ ಕೆಲಸವನ್ನು ಬೂಸ್ಟು, ಬೆಳ್ಳಿಮೀನು ಹುಳು, ಮರದ ಕಪಾಟಾದರೆ ಗೆದ್ದಲು ಮುಗಿಸುತ್ತವೆ. ಇದು ನಮ್ಮ ಸಣ್ಣ ಸಭೆಗಳ ದೌರ್ಬಲ್ಯ ಮಾತ್ರ ಎಂದುಕೊಳ್ಳಬೇಕಿಲ್ಲ. ಇಂಗ್ಲೆಂಡಿನಲ್ಲಿ ಥಾಮಸ್ ಬ್ರೇ ಎಂಬ ಪಾದ್ರಿ ಬಡ ಊರುಗಳ ಚರ್ಚುಗಳಿಗೆ ಪುಸ್ತಕ ಭಂಡಾರ ಕಟ್ಟಿಕೊಡುವ ಕೆಲಸ ಹಿಡಿದಾಗ ಇದೇ ತೊಂದರೆ ಎದುರಾಯಿತು. 1708ರಲ್ಲಿ ಪಾರ್ಲಿಮೆಂಟು ಅದಕ್ಕೆಂದೇ ಒಂದು ಕಾಯ್ದೆ ಮಾಡಿತು: ಪಾದ್ರಿ ತೀರಿಕೊಂಡರೆ ಚರ್ಚಿನ ವಾರ್ಡನರು ಕೂಡಲೇ ಪುಸ್ತಕದ ಕೋಣೆಗೆ ಬೀಗ ಹಾಕಬೇಕು, ಹೊಸದಾಗಿ ಬಂದವನು ಆರು ತಿಂಗಳೊಳಗೆ ಪುಸ್ತಕಗಳ ಪಟ್ಟಿ ಮಾಡಬೇಕು. ಪಟ್ಟಿ ಮಾಡದ, ಬೀಗದ ಕೈ ಪಾದ್ರಿಯ ಜೇಬಿನಲ್ಲೇ ಇರುವ ಲೈಬ್ರರಿ ಪಾದ್ರಿಯ ಜೊತೆಗೇ ಹೋಗುತ್ತದೆ ಎಂಬುದು ಮುನ್ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಹಾಗಾಗಿ ಬೀಗದ ಕೈಗಳು ಎರಡಿರಲಿ, ಎರಡೂ ಪಾಸ್ಟರ್ ಬಳಿ ಇಲ್ಲದಿರಲಿ ಎಂದು ನಾನು ಹೇಳಿದರೆ ಅದರಲ್ಲಿ ಅಗೌರವವಿಲ್ಲ.

ಮೊಬೈಲಿನ ವಾದಕ್ಕೆ ಹೆಚ್ಚು ಜಾಗ ಕೊಡಲಾರೆ. ಕನ್ನಡ ಸತ್ಯವೇದ ಆ್ಯಪಿನಲ್ಲಿ ಇದೆ, ಬಾಸೆಲ್ ಮಿಷನ್ನಿನ ಹಳೆಯ ಅಚ್ಚುಗಳನ್ನು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ಸಂಶೋಧಕನಿಗೆ ಅದು ಹಬ್ಬ. ಏಳು ವರ್ಷದ ಮಗು ಪರದೆಯ ಮೇಲೆ ಕತೆ ಪುಸ್ತಕ ಹಿಡಿದು ಕೂರುವುದನ್ನು ಕಂಡವರು ಕಡಿಮೆ. ಎರಡನೇ ಪುಟಕ್ಕೆ ಬೆರಳು ಬೇರೆ ಕಡೆ ಹೋಗಿರುತ್ತದೆ.

ಕಠಿಣವಾದದ್ದು ಹೊರಗಿನ ಮಕ್ಕಳ ಪ್ರಶ್ನೆ. ಸಭೆಯ ಪಕ್ಕದ ಮನೆಯ ಹುಡುಗಿ, ಕ್ರೈಸ್ತಳಲ್ಲದವಳು, ತನ್ನ ಗೆಳತಿಯ ಕೈಯಲ್ಲಿ ಬಣ್ಣದ ಚಿತ್ರದ ಪುಸ್ತಕ ನೋಡಿ ನನಗೂ ಕೊಡಿ ಎನ್ನುತ್ತಾಳೆ. ಕೊಡಬಾರದು ಎಂದರೆ ಅದು ಲೈಬ್ರರಿಯೇ ಅಲ್ಲ, ಸಂಘದ ಸದಸ್ಯರ ಸವಲತ್ತು. ಕೊಟ್ಟರೆ? 2022ರ ಮತಾಂತರ ನಿಷೇಧ ಕಾಯ್ದೆ ‘ಆಮಿಷ’ಕ್ಕೆ ಕೊಟ್ಟ ಅರ್ಥ ವಿಶಾಲವಾಗಿತ್ತು, ಉಡುಗೊರೆ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಕೂಡ ಅದರೊಳಗೆ ಬಂದವು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಆದರೆ ಕಾಯ್ದೆ ಹುಟ್ಟಿಸಿದ ಅನುಮಾನ ಸಂಪುಟದ ತೀರ್ಮಾನಕ್ಕೆ ಕರಗುವಂಥದ್ದಲ್ಲ. 2021ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಮನೆಮನೆಗೆ ಹಂಚುತ್ತಿದ್ದ ಕ್ರೈಸ್ತ ಪುಸ್ತಕಗಳನ್ನು ಕಿತ್ತುಕೊಂಡು ಸುಟ್ಟರು. ಅದೇ ವರ್ಷದ ಏಪ್ರಿಲ್‌ನಲ್ಲಿ ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡಿ ಬದುಕುವ ಸೈಯದ್ ಇಸಾಕ್ ಅವರು ಕಟ್ಟಿದ್ದ ಕನ್ನಡ ಗ್ರಂಥಾಲಯ ಬೆಂಕಿಗೆ ಆಹುತಿಯಾಯಿತು. ಅದರಲ್ಲಿ ಭಗವದ್ಗೀತೆಯೂ ಇತ್ತು, ಕುರಾನೂ ಇತ್ತು, ಬೈಬಲ್ಲೂ ಇತ್ತು. ಎರಡು ಘಟನೆಗಳೂ ಒಂದೇ ಬಗೆಯವಲ್ಲ, ಬೆರೆಸಬಾರದು. ಆದರೆ ಇಸಾಕ್ ಅವರ ಲೈಬ್ರರಿ ಸುಟ್ಟಾಗ ಜಾತಿ ಧರ್ಮ ನೋಡದೆ ನಾಡಿನ ಜನ ಹಣ, ಪುಸ್ತಕ ಕೊಡಲು ಮುಂದೆ ಬಂದದ್ದು ಅದು ಎಲ್ಲರಿಗೂ ತೆರೆದಿತ್ತು ಎಂಬ ಕಾರಣಕ್ಕೆ.

ಎಚ್ಚರಿಕೆಯವರು ಹೇಳುವ ಮಧ್ಯದ ದಾರಿ ಇದು: ಹೊರಗಿನ ಮಕ್ಕಳಿಗೆ ಕತೆ, ವಿಜ್ಞಾನ, ಕನ್ನಡ ಸಾಹಿತ್ಯದ ಪುಸ್ತಕ ಕೊಡಿ, ಅದೂ ಮನೆಯವರು ಬಂದು ಹೇಳಿದ ಮೇಲೆ; ಧಾರ್ಮಿಕ ಪುಸ್ತಕ ಕೇಳಿದ ದೊಡ್ಡವರಿಗೆ ಮಾತ್ರ; ಎರಡೂ ಬೇರೆ ಬೇರೆ ಅಡ್ಡಪಟ್ಟಿಗಳಲ್ಲಿರಲಿ, ಪುಸ್ತಕಗಳ ಪಟ್ಟಿ ಬಾಗಿಲ ಮೇಲೆ ಅಂಟಿಸಿರಲಿ, ಯಾರು ಬೇಕಾದರೂ ಬಂದು ನೋಡಲಿ. ಇಂದಿನ ಸ್ಥಿತಿಯಲ್ಲಿ ನಾನೂ ಇದನ್ನೇ ಹೇಳುತ್ತೇನೆ. ಇದಕ್ಕೆ ಬರುವ ಆಕ್ಷೇಪಣೆಯೂ ಹಗುರವಲ್ಲ: ತಪ್ಪು ಮಾಡದವರು ತಾವೇ ಮುಂಚಿತವಾಗಿ ತಮ್ಮ ಕಪಾಟನ್ನು ಎರಡು ಮಾಡಿಕೊಳ್ಳುವುದು ಯಾವ ನ್ಯಾಯ? ಗುಡಿಯ ಜಗಲಿಯಲ್ಲಿ ಮಗುವಿನ ಕೈಗೆ ರಾಮಾಯಣದ ಚಿತ್ರಪುಸ್ತಕ ಕೊಟ್ಟವರನ್ನು ಯಾರೂ ಮನೆಯವರ ಒಪ್ಪಿಗೆ ಕೇಳಿದಿರಾ ಎಂದು ವಿಚಾರಿಸುವುದಿಲ್ಲ. ಹೀಗೆ ಆಕ್ಷೇಪಿಸುವವರಿಗೆ ಕೊಡಲು ನನ್ನ ಬಳಿ ಸಮಾಧಾನದ ಉತ್ತರವಿಲ್ಲ. ಈ ಎರಡು ಅಡ್ಡಪಟ್ಟಿಗಳಲ್ಲಿ ಉತ್ತಂಗಿಯವರ ಸರ್ವಜ್ಞನನ್ನು ಯಾವುದರಲ್ಲಿ ಇಡಬೇಕು ಎಂದು ಕಮಿಟಿಯವರು ಕೇಳಿದರೆ, ಅದನ್ನು ಮಾತ್ರ ಮೊದಲನೆಯದರಲ್ಲೇ ಇಡಿ ಎನ್ನುತ್ತೇನೆ, ಪಾದ್ರಿಯ ಹೆಸರು ರಕ್ಷಾಪುಟದ ಮೇಲೆ ಕಾಣುವಂತೆ.